ಅರವತ್ತಮೂರು ಅಂಕದ ರೂಪಾಯಿ

ಶಾಂತಾರಾಮ ಮಾಸ್ತರಿಗೆ ಬುದ್ಧಿ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಅಂಕೋಲೆಯ ಖಾಸಗಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು, ಪ್ರತಿ ಬೇಸಿಗೆ ಹತ್ತನೇ ತರಗತಿಯ ಪೇಪರು ತಿದ್ದಿದವರು. ಪಿಂಚಣಿ ಮಾತ್ರ ಇಲ್ಲ. ಕಡೆಗೆ ಆ ಪೇಪರು ತಿದ್ದಿದ ಬುದ್ಧಿಯೇ ಅವರಿಗೆ ಮುಳುವಾಯಿತು.

ಹೆಂಡತಿ ಮಂದಾಕಿನಿಯ ಕಣ್ಣು ಸಕ್ಕರೆ ಕಾಯಿಲೆಯಿಂದ ಮಂಜಾಗುತ್ತ ಬಂದಿತ್ತು. ಚೌತಿಯೊಳಗೆ ಎರಡೂ ಕಣ್ಣಿಗೆ ಆಪರೇಷನ್ ಆಗದಿದ್ದರೆ ಆಮೇಲೆ ತಮ್ಮ ಕೈಯಲ್ಲೇನೂ ಇಲ್ಲವೆಂದು ಡಾಕ್ಟರು ಖಡಾಖಂಡಿತ ಹೇಳಿಬಿಟ್ಟಿದ್ದರು. ಖರ್ಚು ಎರಡು ಲಕ್ಷ. ಭಾವಿಕೇರಿಯ ಅವರ ಮನೆಯಲ್ಲಿ ಮಾರುವಂಥದ್ದು ಒಂದೇ: ದೇವರ ಪೆಟ್ಟಿಗೆಯಲ್ಲಿದ್ದ, ರಾಣಿಯ ಮುಖವಿರುವ ಅಜ್ಜನ ಕಾಲದ ಬೆಳ್ಳಿ ರೂಪಾಯಿ. ಬಲು ಅಪರೂಪದ ಅಚ್ಚಂತೆ.

ಕಾರವಾರದ ನಾಣ್ಯ ವ್ಯಾಪಾರಿ ರೋಷನ ಅದನ್ನು ನಾಣ್ಯಕ್ಕೆ ಅಂಕ ಕೊಡುವ ಕಂಪನಿಯೊಂದಕ್ಕೆ ಕಳಿಸಿದ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಸೀಲಾಗಿ ಬಂತು. ಡಬ್ಬಿಯ ಮೇಲೆಯೇ ಅಂಕ: ಎಪ್ಪತ್ತಕ್ಕೆ ಅರವತ್ತಮೂರು!

“ಒಂದು ಲಕ್ಷ ಕೊಡ್ತೆ ಮಾಸ್ತರ್ರೆ,” ಎಂದ ರೋಷನ. “ಈ ಕಂಪನಿಯವ್ರದ್ದು ಕೈ ಸ್ವಲ್ಪ ಸಡಿಲ. ಇನ್ನೊಂದು ಕಂಪನಿ ಉಂಟು, ಬಿಗಿ ಅವ್ರು. ಅವ್ರೂ ಇದೇ ನಂಬರ್ ಕೊಟ್ರೆ ಎರಡು ಲಕ್ಷ. ಡಬ್ಬಿ ಸಮೇತ ಕಳಿಸುವಾ.”

“ಡಬ್ಬಿ ಬೇಡ,” ಎಂದರು ಮಾಸ್ತರು. ಮೊದಲಿನ ಅಂಕ ಕಂಡರೆ ತಿದ್ದುವವನ ಕೈ ಅತ್ತಲೇ ವಾಲುತ್ತದೆ. ಮರುಮೌಲ್ಯಮಾಪನದ ಪೇಪರಿಗೆ ಹಳೆ ಅಂಕ ಮುಚ್ಚಿಯೇ ಕಳಿಸುವುದು. ಅಂಕ ಹೆಚ್ಚಾದರೆ ಲಾಭ, ಕಡಿಮೆಯಾದರೆ ಹಳೆಯದೇ ಗಟ್ಟಿ. ಅವರು ಕಂಡ ನ್ಯಾಯ ಅದು. ರೋಷನ “ಬೇಡ್ರಾ, ಬೇಡ್ರಾ” ಎನ್ನುತ್ತಿದ್ದಂತೆ ಅಂಗಡಿಯ ಸುತ್ತಿಗೆಯಿಂದಲೇ ಡಬ್ಬಿ ಒಡೆದರು.

ಬಿಗಿ ಕಂಪನಿಯಿಂದ ಅಂಕವೇ ಬರಲಿಲ್ಲ, ಚೀಟಿ ಬಂತು: ಉಜ್ಜಿ ತೊಳೆದ ನಾಣ್ಯ, ಇಂಥದ್ದಕ್ಕೆ ಅಂಕವಿಲ್ಲ. ಹೋಗಲಿ, ಹಳೆಯದು ಇದೆಯಲ್ಲ ಎಂದು ಮೊದಲಿನ ಕಂಪನಿಗೇ ತಿರುಗಿ ಕಳಿಸಿದರೆ ಅವರೂ ಅದನ್ನೇ ಬರೆದರು.

ಮಾಸ್ತರು ರೋಷನನ ಅಂಗಡಿಯಿಂದಲೇ ಫೋನು ಹಚ್ಚಿದರು. “ಮೇ ತಿಂಗಳಲ್ಲಿ ಅರವತ್ತಮೂರು ಕೊಟ್ಟವ್ರು ನೀವೇ ಅಲ್ಲವಾ? ಅದೇ ನಾಣ್ಯ! ಆಗ ನಿಮ್ಮ ಕಣ್ಣು ಎಲ್ಲಿತ್ತು?”

“ನೋಡಿದವರು ಬೇರೆ ಇರಬಹುದು ಸರ್,” ಎಂದಳು ಅತ್ತಲ ಹುಡುಗಿ. “ಡಬ್ಬಿ ಒಡೆದ ಮೇಲೆ ಹಳೆ ನಂಬರಿಗೆ ನಾವು ಜವಾಬ್ದಾರರಲ್ಲ.”

“ತಾಯೀ, ನನ್ನ ಹೆಂಡತಿ ಕಣ್ಣು ಹೋಗ್ತದೆ. ಅದೇ ಅಂಕ ತಿರುಗಿ ಕೊಡಿ, ಕಾಲಿಗೆ ಬೀಳ್ತೆ.” ಅರವತ್ತೈದರ ಮಾಸ್ತರು ಅಂಗಡಿಯಲ್ಲಿ ನಿಂತು ಗೊಳೋ ಎಂದು ಅತ್ತರು. ಫೋನು ಅಷ್ಟರಲ್ಲಿ ಕಟ್ಟಾಗಿತ್ತು.

“ಈಗ ನಾಲ್ಕು ಸಾವಿರದ ಮೇಲೆ ಯಾರೂ ಕೇಳುದಿಲ್ಲ,” ಎಂದ ರೋಷನ, ಮುಖ ನೋಡದೆ. “ಮನೆಯಲ್ಲಿ ಯಾರಾದ್ರೂ ತೊಳೀತಿದ್ರಾ?”

ಮಾಸ್ತರು ನಾಣ್ಯವನ್ನು ಜೇಬಿಗೆ ಹಾಕಿಕೊಂಡರು. ಪ್ರತಿ ದೀಪಾವಳಿಗೆ ಮಂದಾಕಿನಿ ಬಾವಿಕಟ್ಟೆಯಲ್ಲಿ ಕೂತು, ಮುರುಗಲ ಹಣ್ಣಿನ ಹುಳಿ ಸಿಪ್ಪೆಯಿಂದ ಅದನ್ನು ತಿಕ್ಕಿ ಫಳಫಳ ಮಾಡಿ ಲಕ್ಷ್ಮಿಯ ಮುಂದಿಡುತ್ತಿದ್ದಳು. ಮದುವೆಯಾದ ವರ್ಷದಿಂದ ಒಮ್ಮೆಯೂ ತಪ್ಪಿಸಿರಲಿಲ್ಲ.

ಬಸ್ಸಿನಲ್ಲಿ ಅಂಕೋಲೆವರೆಗೆ ಅವರು ತಲೆ ಎತ್ತಲಿಲ್ಲ. ಚೌತಿಗೆ ಹನ್ನೆರಡೇ ದಿನ. ಒಂದು ಲಕ್ಷಕ್ಕೇ ಕೊಟ್ಟಿದ್ದರೆ ಒಂದು ಕಣ್ಣಾದರೂ ಉಳಿಯುತ್ತಿತ್ತಲ್ಲ! ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಹೆಜ್ಜೆಯ ಸದ್ದಿಗೇ ಮಂದಾಕಿನಿ ಗೋಡೆ ಹಿಡಿದುಕೊಂಡು ಜಗಲಿಗೆ ಬಂದಳು. “ಬಂದ್ರಾ? ಎಂತ ಹೇಳಿದ್ರು ಕಂಪ್ನಿಯವ್ರು?”

“ಅಂಕ... ಸ್ವಲ್ಪ ಕಡಿಮೆ ಬಂತು.”

“ತನ್ನಿ ಇಲ್ಲಿ.” ನಾಣ್ಯವನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. “ಅಯ್ಯ, ಹೋದ ದೀಪಾವಳಿಗೆ ತಿಕ್ಕಿದ್ದು, ಮಾಸಿ ಹೋಯ್ತು ಅಲ್ರಾ! ಹೀಂಗೇ ಕಳಿಸಿದ್ರೆ ಯಾರು ಅಂಕ ಕೊಡ್ತಾರೆ? ತಡೀರಿ, ಮುರುಗಲ ಸಿಪ್ಪೆ ನೆನೆಹಾಕ್ತೆ. ಒಳ್ಳೆ ತಿಕ್ಕಿ ಕೊಡ್ತೆ, ಆಮೇಲೆ ಮತ್ತೊಂದು ಸಲ ಕಳಿಸಿ.”

ಬೇಡ ಎಂದರೆ ಯಾಕೆ ಬೇಡವೆಂದು ಹೇಳಬೇಕಾಗುತ್ತಿತ್ತು. ಮಾಸ್ತರು ಅಡಿಗೆಮನೆಗೆ ಹೋಗಿ, ಅವಳ ಕೈಗೆ ಸಿಪ್ಪೆಯ ಭರಣಿ ತಂದುಕೊಟ್ಟರು.