ಹೂವಿನ ಅಳತೆಗೆ

ಬೀದಿಯವರೆಲ್ಲ ಅವನನ್ನು ‘ನಾಳೆ ಟೈಲರ್’ ಎಂದೇ ಕರೆಯುತ್ತಿದ್ದರು. ಬಟ್ಟೆ ಕೇಳಲು ಯಾರೇ ಬರಲಿ, ಅವನ ಬಾಯಿಂದ ಬರುತ್ತಿದ್ದುದು ಅದೊಂದೇ ಉತ್ತರ. ಹೆಂಡತಿಗೆ ಇದು ರೂಢಿಯಾಗಿ ಹೋಗಿತ್ತು. ಅವಳ ಮದುವೆಯ ಉಡುಪಿಗೆ ಅವನು ಗುಂಡಿ ಹಾಕಿ ಮುಗಿಸಿದ್ದೇ ಮದುವೆಯ ಮರುದಿನ.

ಆದರೆ ಮಾಳಿಗೆಯ ಮೇಲಿನ ಕುಂಬಳಬಳ್ಳಿಯ ವಿಷಯದಲ್ಲಿ ಅವಳು ತಮಾಷೆ ಸಹಿಸುತ್ತಿರಲಿಲ್ಲ. ತೀರಿಹೋದ ಅಮ್ಮ ಉಳಿಸಿಟ್ಟಿದ್ದ ಬೀಜಗಳಲ್ಲಿ ಮೊಳೆತದ್ದು ಇದೊಂದೇ. ಇದರಲ್ಲೂ ಬೆರಕೆಯಿಲ್ಲದ ಬೀಜ ಸಿಗದಿದ್ದರೆ ಅಮ್ಮನ ಕುಂಬಳದ ಕಥೆ ಅಲ್ಲಿಗೆ ಮುಗಿಯಿತು. ಪಕ್ಕದ ಮಾಳಿಗೆಯಲ್ಲಿ ಬೇರೆ ತಳಿಯ ಕುಂಬಳವಿತ್ತು, ಜೇನುನೊಣಗಳಿಗೆ ಗೋಡೆಯ ಲೆಕ್ಕವಿಲ್ಲ. ಅದಕ್ಕೇ ಅವಳು ಅಮ್ಮ ಮಾಡುತ್ತಿದ್ದಂತೆ, ಮರುದಿನ ಅರಳಲಿದ್ದ ಒಂದು ಗಂಡುಮೊಗ್ಗಿಗೂ, ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೆಣ್ಣುಮೊಗ್ಗಿಗೂ ಸಂಜೆಯೇ ದಾರ ಕಟ್ಟಿದಳು. ಬೆಳಿಗ್ಗೆ ಬಿಚ್ಚಿ, ಗಂಡುಹೂವಿನ ಹಳದಿ ಪುಡಿಯನ್ನು ಹೆಣ್ಣುಹೂವಿಗೆ ತಾನೇ ಸವರಿ, ಮತ್ತೆ ಕಟ್ಟಿಬಿಟ್ಟರೆ ಆಯಿತು.

ಬೆಳಿಗ್ಗೆ ಅವಳು ಮೇಲೆ ಹತ್ತಿ ಬರುವಷ್ಟರಲ್ಲಿ ಎರಡೂ ಹೂವು ಅರಳಿ ಕೂತಿದ್ದವು. ಹೆಣ್ಣುಹೂವಿನೊಳಗೆ ಜೇನುನೊಣವೊಂದು ಮೈಯೆಲ್ಲ ಹಳದಿ ಮಾಡಿಕೊಂಡು ಹೊರಳಾಡುತ್ತಿತ್ತು. ಪಕ್ಕದಲ್ಲಿ ಗಂಡ ಕತ್ತರಿ ಹಿಡಿದು, ಪುಣ್ಯದ ಕೆಲಸ ಮಾಡಿದವನಂತೆ ನಿಂತಿದ್ದ.

“ಯಾರೋ ಹೂವಿನ ಕತ್ತು ಬಿಗಿದಿದ್ರು ಕಣೇ. ಅದೂ ನನ್ನ ರೀಲಿನ ದಾರದಲ್ಲೇ.”

“ಬಿಗಿದಿದ್ದು ನಾನೇ ರೀ.”

ಕಾರಣ ಕೇಳಿ ಅವನ ಮುಖ ಇಳಿಯಿತು. “ಹಾಗಾದ್ರೆ ಕಾಯಿ ಕೆಟ್ಟುಹೋಗತ್ತಾ?”

“ಕಾಯಿಗೇನೂ ಆಗಲ್ಲ. ನೋಡೋಕೆ ಅಮ್ಮನ ಕುಂಬಳದ ಥರಾನೇ ಇರತ್ತೆ. ಒಳಗಿನ ಬೀಜ ಎಂಥದೋ ಏನೋ, ಇನ್ನು ನಂಬೋ ಹಾಗಿಲ್ಲ.”

ಬಳ್ಳಿ ಇನ್ನೊಂದು ಹೆಣ್ಣುಹೂವು ಬಿಡಲೆಂದು ಆ ಕಾಯನ್ನು ಎಳೆಯದರಲ್ಲೇ ಕಿತ್ತುಹಾಕಿದಳು. ಗಂಡನ ಜೊತೆ ಮಾತು ಬಿಟ್ಟಳು. ಊಟಕ್ಕೆ ಕರೆಯುವುದಿದ್ದರೂ ತಟ್ಟೆ ಕುಟ್ಟುತ್ತಿದ್ದಳು, ಅಷ್ಟೇ. ಬಳ್ಳಿಗೂ ವಯಸ್ಸಾಗುತ್ತಿತ್ತು. ಆಮೇಲೆ ಬಂದ ಹೆಣ್ಣುಮೊಗ್ಗುಗಳು ಅರಳುವ ಮೊದಲೇ ಉದುರಿದವು. ಕೊನೆಗೆ ತುದಿಯಲ್ಲಿ ಒಂದೇ ಒಂದು ನಿಂತಿತು.

ಆ ಮೊಗ್ಗಿನ ತುದಿ ಹಳದಿಗೆ ತಿರುಗಿದ ದಿನ ಗಂಡ ಅಳತೆಪಟ್ಟಿ ಹಿಡಿದು ಮೇಲೆ ಹೋಗಿ ಬಂದದ್ದನ್ನು ಅವಳು ನೋಡಿದಳು. ಮಧ್ಯಾಹ್ನವೆಲ್ಲ ಹೊಲಿಗೆಯಂತ್ರ ಓಡಿತು. ಬಂದ ಗಿರಾಕಿಗಳಿಗೆಲ್ಲ ಎಂದಿನ ಉತ್ತರವೇ. ಸಂಜೆ ಅವಳು ದಾರ ಹಿಡಿದು ಹೊರಟಾಗ ಅವನು ಮೆಟ್ಟಿಲಿಗೆ ಅಡ್ಡ ನಿಂತು, ತೆಳು ಬಟ್ಟೆಯ ಎರಡು ಪುಟ್ಟ ಚೀಲಗಳನ್ನು ಚಾಚಿದ. ಬಾಯಿಗೆ ಎಳೆದು ಕಟ್ಟಲು ಲಾಡಿ ಬೇರೆ.

“ದೊಡ್ಡದು ಹೆಣ್ಣುಹೂವಿಗೆ, ಕಾಯಿಗೂ ಸೇರಿಸಿ ಅಳತೆ ತಗೊಂಡಿದೀನಿ. ಇದು ಗಂಡುಹೂವಿಗೆ. ಅರಳೋದು ಒಂದೇ ಬೆಳಿಗ್ಗೆ ಅಲ್ವಾ, ಹೂವಿಗೆ ‘ನಾಳೆ ಬಾ’ ಅನ್ನೋಕಾಗಲ್ಲ.”

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. “ಲಾಡಿ ಕಟ್ಟೋವಾಗ ತೊಟ್ಟು ಹಿಡ್ಕೊಳ್ಳಿ,” ಎಂದಳು.

ಕಾಯಿ ಬಲಿತ ಮೇಲೆ ಅವಳು ಬೀಜ ತೊಳೆದು, ಒಣಗಿಸಿ, ಆ ದೊಡ್ಡ ಚೀಲದಲ್ಲೇ ತುಂಬಿಟ್ಟಳು.