ಡೆಮೊ ಕಾರಿನ ಯಜಮಾನ

ಲೊವೆಲ್ ಟೆನ್‌ಹಾಕನ್ ಆಡಿದ ಸುಳ್ಳು ಬಹಳ ಚಿಕ್ಕದು. "ಹೂಂ" ಅಂದಿದ್ದ, ಅಷ್ಟೇ.

ಮಗಳು ಜೊಲೀನ್‌ಗೆ ಮದುವೆ ಗೊತ್ತಾದ ಹುಡುಗನ ಮನೆಗೆ ಗಂಡ ಹೆಂಡತಿ ಮೊದಲ ಸಲ ಊಟಕ್ಕೆ ಹೋಗಿದ್ದ ಭಾನುವಾರ ಅದು. ಹುಡುಗನ ತಂದೆ ವಿಲ್ಮರ್ ರೂಲ್ಫ್ಸ್ ಹಂದಿ ಸಾಕುವ ರೈತ. ಅಮೆರಿಕದ ಅಯೋವಾ ರಾಜ್ಯದ ಆ ಸೀಮೆಯಲ್ಲಿ ಅವನ ಕೊಟ್ಟಿಗೆಗಳ ಉದ್ದವನ್ನು ನೋಡಿ ಬ್ಯಾಂಕಿನವರೇ ಎದ್ದು ನಿಲ್ಲುತ್ತಿದ್ದರು. ಆದರೆ ಅವನು ಓಡಿಸುತ್ತಿದ್ದದ್ದು ಬಾಗಿಲಿಗೆ ತುಕ್ಕು ಹಿಡಿದ ಪಿಕಪ್ಪು. ಸಾಲ ಅಂದರೆ ಅವನಿಗೆ ಹಾವು ಕಂಡಹಾಗೆ. ಅಂಗಳದಲ್ಲಿ ನಿಂತಿದ್ದ ಕೆಂಗಂದು ಬಣ್ಣದ ಕಾರಿನ ಸುತ್ತ ಒಂದು ಸುತ್ತು ಬಂದು, ಚೆನ್ನಾಗಿದೆ, ನಿಮ್ಮದೇ ಏನು, ಸಾಲಗೀಲ ಇಲ್ಲವಲ್ಲ ಅಂತ ಕೇಳಿದ. ಲೊವೆಲ್ "ಹೂಂ" ಅಂದ.

ಕಾರು ಅವನದಲ್ಲ. ಅವನು ಕೆಲಸ ಮಾಡುವ ಶೋರೂಮಿನ ಡೆಮೊ ಕಾರು. ಗಿರಾಕಿಗಳು ಓಡಿಸಿ ನೋಡಲಿ ಅಂತ ಇಟ್ಟಿದ್ದು. ಹಗಲೆಲ್ಲ ಗಿರಾಕಿಗಳಿಗೆ, ಸಂಜೆಯಾದರೆ ಮಾರುವವನ ಮನೆಗೆ. ಆ ಕಸುಬಿನಲ್ಲಿ ಇದು ನಡೆದುಬಂದ ಪದ್ಧತಿ, ಕದ್ದದ್ದೇನಲ್ಲ. "ಕಂಪನಿಯದು, ಓಡಿಸೋಕೆ ಕೊಟ್ಟಿದ್ದಾರೆ" ಅಂದಿದ್ದರೆ ವಿಲ್ಮರ್ ತಲೆಯಾಡಿಸಿ ಒಳಗೆ ಕರೆದು ಊಟ ಬಡಿಸುತ್ತಿದ್ದ. ಅಷ್ಟು ಹೇಳೋಕೆ ಏನು ಧಾಡಿಯಾಗಿತ್ತು? ಆದರೆ ಇಡೀ ಜೀವಮಾನ ಇನ್ನೊಬ್ಬರ ಕಾರನ್ನು ಇನ್ನೊಬ್ಬರಿಗೆ ಮಾರಿದ ಮನುಷ್ಯ, ಐವತ್ತು ದಾಟಿದ ಮೇಲೆ, ಬೀಗರ ಅಂಗಳದಲ್ಲಿ ನಿಂತು, ಒಂದು ಗಳಿಗೆ ಆ ಕಾರಿನ ಯಜಮಾನನಾಗಬೇಕು ಅಂದುಕೊಂಡ. ಆಗಿಬಿಟ್ಟ.

ಸುಳ್ಳು ಅಲ್ಲಿಗೇ ನಿಂತಿದ್ದರೆ ಸತ್ತುಹೋಗುತ್ತಿತ್ತು. ವಿಲ್ಮರ್ ಅದನ್ನು ಸಾಕಿದ. ಚರ್ಚಿನಲ್ಲಿ, ದನದ ಮೇವಿನ ಅಂಗಡಿಯಲ್ಲಿ, ಕಾಫಿ ಕುಡಿಯುವಲ್ಲಿ, ನಮ್ಮ ಬೀಗರನ್ನು ನೋಡಿ, ಸಾಲ ಮಾಡದೆ ಹೊಸ ಕಾರು ತಗೊಂಡಿದ್ದಾರೆ, ಈ ಕಾಲದಲ್ಲಿ ಅಂಥವರೆಲ್ಲಿದ್ದಾರೆ ಅಂತ ಹೇಳಿಕೊಂಡು ತಿರುಗಿದ. ಮಗನಿಗೂ ಅದನ್ನೇ ಬುದ್ಧಿಯಾಗಿ ಹೇಳಿದನಂತೆ. ಆ ಮಾತು ಸುತ್ತಿ ಲೊವೆಲ್‌ನ ಕಿವಿಗೆ ಬಿದ್ದ ದಿನ ಅವನಿಗೆ ಅನ್ನ ಇಳಿಯಲಿಲ್ಲ. ಹೆಂಡತಿ ಆರ್ಡಿತ್, ಮದುವೆಗೆ ಮುಂಚೆ ಹೇಳಿಬಿಡು, ಹೇಳಿದರೆ ಒಂದು ದಿನದ ನಾಚಿಕೆ, ಹೇಳದಿದ್ದರೆ ದಿನಾ ನಾಚಿಕೆ ಅಂದಳು. ಅವಳ ಮೇಲೆ ಹರಿಹಾಯ್ದ. ತಪ್ಪು ತನ್ನದಾದಾಗ ಸಿಟ್ಟು ಮಾತ್ರ ಬೇರೆಯವರ ಮೇಲೆ ಬರುವುದು ಗಂಡಸರಿಗೆ ಹುಟ್ಟುಗುಣ.

ಅಕ್ಟೋಬರಿನ ಒಂದು ಬುಧವಾರ ಮಧ್ಯಾಹ್ನ ವಿಲ್ಮರ್ ಶೋರೂಮಿಗೇ ಬಂದುಬಿಟ್ಟ. ಮಗ ಬಾಗಿಲಲ್ಲಿ ಇಳಿಸಿ ಹೋದ. ಅವತ್ತು ಸಂಜೆ ಚರ್ಚಿನಲ್ಲಿ ಊಟವಿತ್ತು, ಮನೆಗೊಂದು ಪಾತ್ರೆ ಅಡುಗೆ ತಂದು ಎಲ್ಲರೂ ಕೂಡಿ ಉಣ್ಣುವುದು. ಅಲ್ಲಿಗೆ ನಿಮ್ಮ ಜೊತೆಯಲ್ಲೇ ಬರುತ್ತೇನೆ ಅಂದ. ಬಂದ ಕೆಲಸವನ್ನು ಕೂತಮೇಲೆ ಹೇಳಿದ. ಹೆಂಡತಿ ವರ್ನಾಳಿಗೆ ಸೊಂಟದ ಆಪರೇಷನ್ ಆಗಿದೆ, ಪಿಕಪ್ಪಿಗೆ ಹತ್ತೋಕೆ ಆಗುತ್ತಿಲ್ಲ, ಒಂದು ಕಾರು ಬೇಕು. ಹೊಚ್ಚಹೊಸದಕ್ಕೆ ಮನಸ್ಸಿಲ್ಲ. ಪೇಪರಿನಲ್ಲಿ ಇವರ ಶೋರೂಮಿನದೇ ಎರಡು ಸಾಲಿನ ಜಾಹೀರಾತು ನೋಡಿದ್ದಾನೆ, ಡೆಮೊ ಕಾರು ಮಾರಾಟಕ್ಕಿದೆ ಅಂತ.

"ನಮ್ಮ ಷಡ್ಡಕ ಹೇಳ್ದ, ಡೆಮೊ ತಗೊಳೋದೇ ಜಾಣತನ ಅಂತ. ಯಾರ ಹೆಸರಲ್ಲೂ ಇರಲ್ಲ, ಹೊಸದರ ಹಾಗೇ ಗ್ಯಾರಂಟಿ ಇರುತ್ತೆ, ಬೆಲೆ ಮಾತ್ರ ಕಮ್ಮಿ. ಅವನ ಮಾತು ನಾನು ನಂಬಲ್ಲ ಬಿಡಿ, ಅವನು ಕಿವುಡು ನಾಯೀನ ಕಾವಲಿಗೆ ಅಂತ ತಗೊಂಡೋನು. ನೀವು ಹೇಳಿ ಬೀಗರೇ. ನೀವು ಹೇಳಿದ್ದೇ ಆಯ್ತು."

ಆ ಜಾಹೀರಾತು ಲೊವೆಲ್‌ಗೆ ಗೊತ್ತಿತ್ತು. ಮ್ಯಾನೇಜರ್ ಕ್ಲಿಂಟ್, ಇನ್ನುಮೇಲೆ ಯಾರಿಗೂ ಮನೆಗೆ ಹೊಸದಾಗಿ ಕಾರು ಕೊಡುವುದಿಲ್ಲ, ಇರುವ ಡೆಮೊಗಳನ್ನು ಮಾರಿ, ಮಾರುವ ತನಕ ಓಡಿಸಿ ಅಂತ ಹೇಳಿ ಎರಡು ವಾರವಾಗಿತ್ತು. ಅವನು ಓಡಿಸುತ್ತಿದ್ದ ಕಾರು ಹಿಂದಿನ ಅಂಗಳದಲ್ಲಿ, ತೊಳೆಯುವ ಕೊಠಡಿಯ ಪಕ್ಕ ನಿಂತಿತ್ತು. ಐವತ್ತು ಹೆಜ್ಜೆ ನಡೆದರೆ ವಿಲ್ಮರ್‌ಗೆ ಕಾಣುತ್ತದೆ. ಕಂಡರೆ ಗುರುತು ಹಿಡಿಯುತ್ತಾನೆ.

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಟ್ಟ, ಬೇರೆ ಮಾತಿಗೆ.

ಡೆಮೊ ಕಾರಿನ ದೋಷಗಳನ್ನು ಒಂದೊಂದಾಗಿ ಬಿಚ್ಚಿಟ್ಟ. ಹತ್ತು ಜನರ ಕೈ ಬಿದ್ದಿರುತ್ತೆ. ತನ್ನದಲ್ಲದ ಕಾರನ್ನು ಯಾರೂ ಕನಿಕರದಿಂದ ಓಡಿಸುವುದಿಲ್ಲ. ಚಳಿಗಾಲದ ಬೆಳಿಗ್ಗೆ ಎಂಜಿನ್ ಬಿಸಿಯಾಗುವ ಮೊದಲೇ ಪೆಡಲ್ ಒತ್ತುತ್ತಾರೆ. ಕೊಳ್ಳುವ ಯೋಚನೆಯೇ ಇಲ್ಲದ ಪಡ್ಡೆಗಳು ಬಂದು ಬ್ರೇಕು ಕಿರುಗುಟ್ಟಿಸಿ ಹೋಗುತ್ತಾರೆ. ಗ್ಯಾರಂಟಿಯ ಲೆಕ್ಕ ನೀವು ಕೊಂಡ ದಿನದಿಂದಲ್ಲ, ಕಾರು ಮೊದಲು ರಸ್ತೆಗಿಳಿದ ದಿನದಿಂದ ಶುರುವಾಗಿರುತ್ತದೆ. ಟೈರು ಅರ್ಧ ಸವೆದಿರುತ್ತದೆ. ನಾಳೆ ನೀವು ಮಾರಲು ಹೋದರೆ ಅದನ್ನು ಹಳೇ ಕಾರು ಅಂತಲೇ ಎಣಿಸುತ್ತಾರೆ.

ಒಂದು ಮಾತೂ ಸುಳ್ಳಲ್ಲ. ಬೇರೆ ಗಿರಾಕಿಗೆ ಹೇಳಿದ್ದರೆ ಸತ್ಯವಂತ ಅನ್ನಿಸಿಕೊಳ್ಳುತ್ತಿದ್ದ. ನಿಜಗಳನ್ನೇ ಒಂದರ ಮೇಲೊಂದು ಪೇರಿಸಿ ಅದರ ಹಿಂದೆ ಬಚ್ಚಿಟ್ಟುಕೊಳ್ಳುವುದು ಮೊದಲಿನ ಸುಳ್ಳಿಗಿಂತ ನೂರುಪಟ್ಟು ಹೊಲಸು ಕೆಲಸ ಅಂತ ಅವನಿಗೆ ಆಡುತ್ತಿರುವಾಗಲೇ ಗೊತ್ತಾಗುತ್ತಿತ್ತು. ನಾಲಗೆ ನಿಲ್ಲಲಿಲ್ಲ.

ವಿಲ್ಮರ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಪಾದ್ರಿಯ ಮಾತು ಕೇಳುವ ಹಾಗೆ ಕೇಳಿದ. ಆಮೇಲೆ ಕೇಳಿದ, "ಈ ಕಾರನ್ನ ಓಡಿಸ್ತಿದ್ದೋರು ಯಾರು?"

"ನಮ್ಮಲ್ಲೇ ಒಬ್ಬ."

"ಮನುಷ್ಯ ಹೇಗೆ?"

"ಏನು ಹೇಳ್ಲಿ. ಅಂಥಾ ನಂಬೋ ಮನುಷ್ಯ ಏನಲ್ಲ."

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ ಅನ್ನುತ್ತಾರೆ. ಇವನು ಬೇರೆ ಯಾರದೋ ಹೆಗಲು ತೋರಿಸಲು ಹೋಗಿ ತನ್ನದನ್ನೇ ತೋರಿಸಿದ್ದ.

ಆ ಹೊತ್ತಿಗೆ ಕ್ಲಿಂಟ್ ಒಳಗಿನಿಂದ ಬಂದ. ವಯಸ್ಸಿನಲ್ಲಿ ಲೊವೆಲ್‌ಗಿಂತ ಸಣ್ಣವನು, ಗಿರಾಕಿಯ ವಾಸನೆ ಬಲು ದೂರದಿಂದ ಹಿಡಿಯುವವನು. ಲೊವೆಲ್‌ನ ಬೀಗರೆಂದು ಗುರುತು ಹಿಡಿದು ವಿಲ್ಮರ್‌ನ ಕೈ ಕುಲುಕಿ, ಡೆಮೊ ನೋಡೋಕೆ ಬಂದಿರಾ ಅಂತ ಕೇಳಿದ. ವಿಲ್ಮರ್ ಸಂಕೋಚದಿಂದ, ಬಂದಿದ್ದೆ, ಆದರೆ ಓಡಿಸಿದವನ ಕೈ ಅಷ್ಟು ಒಳ್ಳೆಯದಲ್ಲವಂತೆ ಅಂದ.

ಕ್ಲಿಂಟ್ ನಕ್ಕ. "ಯಾರಂದ್ರು? ಅದನ್ನ ಓಡಿಸಿರೋದು ಇವ್ರೇ, ಲೊವೆಲ್. ಒಂದು ವರ್ಷದಿಂದ ಬೇರೆ ಯಾರಿಗೂ ಮನೆಗೆ ಕೊಟ್ಟಿಲ್ಲ. ಶನಿವಾರ ಬಂತೂಂದ್ರೆ ಎಮ್ಮೆ ಮೈ ತಿಕ್ಕಿದ ಹಾಗೆ ತಿಕ್ತಾರೆ. ಬೀಗರಿಗೆ ಕೊಡೋಕೆ ಇಷ್ಟ ಇಲ್ವೇನೋ, ಅಷ್ಟು ಹಚ್ಕೊಂಡಿದ್ದಾರೆ. ಕೆಂಗಂದು ಕಾರು, ನೀವೂ ನೋಡಿರ್ತೀರಿ."

ಹೊಗಳಬೇಕು ಅಂತಲೇ ಹೇಳಿದ್ದು. ಕತ್ತಿಯಿಂದ ಇರಿದಿದ್ದರೆ ಲೊವೆಲ್ ಕೈಯಾದರೂ ಅಡ್ಡ ಹಿಡಿಯುತ್ತಿದ್ದ.

ವಿಲ್ಮರ್ ಅವನ ಮುಖ ನೋಡಲಿಲ್ಲ. ಅದು ಅವನ ದೊಡ್ಡತನವೋ ಅಸಹ್ಯವೋ ಲೊವೆಲ್‌ಗೆ ತಿಳಿಯಲಿಲ್ಲ. ಟೋಪಿ ತಲೆಗಿಟ್ಟುಕೊಂಡು ನಿಧಾನವಾಗಿ ಎದ್ದ. "ನೋಡಿದ್ದೀನಿ. ಒಂದ್ಸಲ ಓಡಿಸಿ ನೋಡೋಣ."

ಊರ ಹೊರಗಿನ ಜಲ್ಲಿ ರಸ್ತೆಯಲ್ಲಿ ವಿಲ್ಮರ್ ಓಡಿಸಿದ, ಲೊವೆಲ್ ಪಕ್ಕದಲ್ಲಿ ಕೂತ. ಎರಡೂ ಕಡೆ ಮೆಕ್ಕೆಜೋಳದ ಕಟಾವು ನಡೆದಿತ್ತು, ಧೂಳು ರಸ್ತೆಯ ಮೇಲೆ ಅಡ್ಡಾಡುತ್ತಿತ್ತು. ವಿಲ್ಮರ್ ಬ್ರೇಕು ಒತ್ತಿ ನೋಡಿದ, ಸ್ಟೀರಿಂಗ್ ಸಡಿಲ ಬಿಟ್ಟು ಕಾರು ಯಾವ ಕಡೆ ಎಳೆಯುತ್ತದೆ ಅಂತ ನೋಡಿದ. ಹಸು ಕೊಳ್ಳುವವನು ಹಲ್ಲು ನೋಡುವಷ್ಟು ಶ್ರದ್ಧೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಲೊವೆಲ್, ಚರ್ಚಿನಲ್ಲಿ ಇವನು ನನ್ನ ಬಗ್ಗೆ ಆಡಿದ ಮಾತನ್ನೆಲ್ಲ ಈಗ ಒಂದೊಂದಾಗಿ ವಾಪಸು ತೆಗೆದುಕೊಳ್ಳುತ್ತಿದ್ದಾನೆ ಅಂದುಕೊಂಡ.

ಕೊನೆಗೆ ವಿಲ್ಮರ್ ರಸ್ತೆಯ ಪಕ್ಕಕ್ಕೆ ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ.

"ವರ್ನಾ ಇದರಲ್ಲಿ ಕೂತ್ಕೊಳ್ಬೇಕು ಲೊವೆಲ್. ಅವಳ ಸೊಂಟದಲ್ಲಿ ಕಬ್ಬಿಣ ಇದೆ. ದಾರೀಲಿ ಕೆಟ್ಟು ನಿಂತ್ರೆ ನಡ್ಕೊಂಡು ಬರೋಕಾಗಲ್ಲ. ನೀವು ಹೇಳಿದ್ದರಲ್ಲಿ ಈ ಕಾರಿಗೆ ಸೇರಿದ್ದು ಯಾವುದು, ಸೇರದೇ ಇರೋದು ಯಾವುದು?"

ಕಾರು ಯಾರದು ಅಂತ ಕೇಳಲಿಲ್ಲ. ಯಾಕೆ ಸುಳ್ಳು ಹೇಳಿದಿರಿ ಅಂತಲೂ ಕೇಳಲಿಲ್ಲ. ಅವನಿಗೆ ಬೇಕಾದದ್ದು ಹೆಂಡತಿಯ ಸೊಂಟಕ್ಕೆ ಆಗುವ ಒಂದು ಸತ್ಯ. ಲೊವೆಲ್‌ಗೆ ಆಗ ಗೊತ್ತಾಯಿತು, ಈಗ ತಾನು ಏನು ಹೇಳಿದರೂ ಎದುರಿಗಿರುವವನು ಅದನ್ನು ತೂಗಿ ನೋಡಬೇಕು. ಬೆಳಿಗ್ಗೆಯವರೆಗೆ ಯಾರೂ ತೂಗದೆಯೇ ನಡೆಯುತ್ತಿತ್ತು ಅವನ ಮಾತು.

ಹೇಳಿದ. ತಗ್ಗಿಸಿದ ತಲೆ ಎತ್ತದೆಯೇ ಹೇಳಿದ. ಬ್ರೇಕು ಚೆನ್ನಾಗಿದೆ, ಪಡ್ಡೆಗಳ ಜೊತೆ ನಾನೇ ಕೂತು ಹೋಗುತ್ತಿದ್ದೆ, ಹಾಳು ಮಾಡಲು ಬಿಟ್ಟಿಲ್ಲ. ಚಳಿಯಲ್ಲಿ ಬಿಸಿಯಾಗುವವರೆಗೆ ಕಾದೇ ಓಡಿಸಿದ್ದೇನೆ. ಎಣ್ಣೆ ಹೊತ್ತಿಗೆ ಸರಿಯಾಗಿ ಬದಲಾಗಿದೆ. ಗ್ಯಾರಂಟಿ ಒಂದು ವರ್ಷ ಕಳೆದಿರುವುದು ನಿಜ. ಟೈರು ಸವೆದಿರುವುದು ನಿಜ, ಅದರ ಮೇಲೆ ಬೆಲೆ ಇಳಿಸಿ ಅಂತ ಕೇಳಿ, ಕ್ಲಿಂಟ್ ಇಳಿಸುತ್ತಾನೆ. ಆಮೇಲೆ ತನ್ನ ಕಡೆಯ ಮುಂದಿನ ಚಕ್ರದತ್ತ ಕೈ ತೋರಿಸಿದ.

"ಒಂದು ಉಳೀತು. ಜನವರೀಲಿ, ಐಸ್ ಮೇಲೆ ಜಾರಿ, ಜೋಳದ ಗೋದಾಮಿನ ಹತ್ರ ಕಲ್ಲುಕಟ್ಟೆಗೆ ಹೊಡೆಸ್ದೆ. ಬಲಗಡೆ ಮುಂದಿನ ಚಕ್ರ. ನಮ್ಮ ಮೆಕ್ಯಾನಿಕ್ ಕೈಲಿ ಮಾಡಿಸ್ದೆ. ಕ್ಲಿಂಟ್‌ಗೆ ಗೊತ್ತಿಲ್ಲ. ಈಗ ಸರಿ ಇದೆ. ಆದ್ರೂ ಬೇರೆ ಯಾರಾದ್ರೂ ಬಿಚ್ಚಿ ನೋಡ್ಲಿ. ನನ್ನ ಮಾತು ಬೇಡ."

ಅಷ್ಟು ದೋಷ ಒದರಿದವನು ಈ ಕಾರಿಗೇ ಬಿದ್ದ ಒಂದೇ ಒಂದು ಏಟನ್ನು ಬಿಟ್ಟಿದ್ದ. ವಿಲ್ಮರ್ ಅದನ್ನು ಗಮನಿಸಿದ. ಗಮನಿಸಿದ ಅಂತ ಮೂಗಿನಿಂದ ಹೊರಟ ಉಸಿರಿನಿಂದಲೇ ತಿಳಿಯಿತು.

ವಾಪಸು ಬಂದಮೇಲೆ ಚಕ್ರ ಬಿಚ್ಚಿಸಿ ತಾನೇ ಬಗ್ಗಿ ನೋಡಿದ. ಕ್ಲಿಂಟ್ ಲೊವೆಲ್‌ನತ್ತ ಕೆಕ್ಕರಿಸಿ ನೋಡಿದ, ಗಿರಾಕಿಯ ಮುಂದೆ ಸಿಟ್ಟು ನುಂಗಿಕೊಂಡ. ಸೀಟಿನ ಎತ್ತರ ವರ್ನಾಳಿಗೆ ಸರಿಹೋಗುತ್ತದೆ, ತೆಗೆದುಕೊಳ್ಳುತ್ತೇನೆ ಅಂದ ವಿಲ್ಮರ್. ಆದರೆ ಬೆಲೆ ಮಾತಾಡಲು ಕ್ಲಿಂಟ್‌ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಲೊವೆಲ್‌ನನ್ನು ಕರೆಯಲಿಲ್ಲ. ಅವನು ಹೊರಗೆ ನಿಂತು, ಸ್ಕ್ರೂಡ್ರೈವರ್ ಹಿಡಿದು, ಕಾರಿನ ಹಿಂದಿದ್ದ ಕಂಪನಿಯ ನಂಬರ್ ಪ್ಲೇಟನ್ನು ಬಿಚ್ಚಿದ. ಕೈಗವಸು, ಛತ್ರಿ, ಹೆಂಡತಿಯ ಹಾಡಿನ ಪುಸ್ತಕ ತೆಗೆದು ರಟ್ಟಿನ ಡಬ್ಬಕ್ಕೆ ಹಾಕಿದ. ಅಕ್ಕಪಕ್ಕದ ಮೇಜಿನವರು ಗಾಜಿನ ಒಳಗಿನಿಂದ ನೋಡದ ಹಾಗೆ ನೋಡಿದರು.

ಸಂಜೆ ವಿಲ್ಮರ್ ಬೀಗದ ಕೈ ಆಡಿಸುತ್ತ ಬಂದು, ಹತ್ತಿ, ಆರ್ಡಿತ್‌ನ ಕರ್ಕೊಂಡು ಚರ್ಚಿಗೆ ಹೋಗೋಣ ಅಂದ. ನಡೆದೇ ಹೋಗುತ್ತೇನೆ ಅನ್ನಬೇಕು ಅನ್ನಿಸಿತು ಲೊವೆಲ್‌ಗೆ. ಅದೂ ಒಂದು ನಾಟಕವೇ ಆಗುತ್ತಿತ್ತು. ಹತ್ತಿದ.

ಮನೆಯ ಮುಂದೆ ಕಾರು ನಿಂತಾಗ ಆರ್ಡಿತ್ ಬಾಗಿಲಲ್ಲೇ ಇದ್ದಳು. ಆಲೂಗೆಡ್ಡೆ, ಹಂದಿಮಾಂಸ, ಚೀಸು ಹಾಕಿ ಒಲೆಯಲ್ಲಿ ಬೇಯಿಸಿದ ಬಿಸಿ ಪಾತ್ರೆ, ಟವೆಲಿನಲ್ಲಿ ಸುತ್ತಿದ್ದು, ಕೈಯಲ್ಲಿತ್ತು. ಸ್ಟೀರಿಂಗಿನ ಹಿಂದೆ ವಿಲ್ಮರ್ ಕೂತಿರುವುದನ್ನು ನೋಡಿ ಒಂದು ಕ್ಷಣ ತಡೆದಳು. ಗಂಡನ ಮುಖ ನೋಡಿದಳು, ಅಲ್ಲೇನು ಕಂಡಿತೋ. ಆಮೇಲೆ, ಹುಟ್ಟಿದಾಗಿನಿಂದ ಒಂದು ಸುಳ್ಳೂ ಆಡದಿದ್ದ ಹೆಂಗಸು, ನಗು ತಂದುಕೊಂಡು ಹೇಳಿದಳು.

"ಏನು ಬೀಗರೇ, ನಿಮ್ಮ ಕೈಗೆ ಕೊಟ್ಟಿದ್ದಾನೆ? ತನ್ನ ಕಾರನ್ನ ನನಗೇ ಮುಟ್ಟೋಕೆ ಬಿಡಲ್ಲ ಇವನು."

ಲೊವೆಲ್‌ಗೆ ಶೋರೂಮಿನಲ್ಲಿ ಆದದ್ದು ಏನೂ ಅಲ್ಲ ಅನ್ನಿಸಿತು. ಅಲ್ಲಿ ಮಾನ ಹೋಗಿದ್ದು ತನ್ನದು. ಇಲ್ಲಿ ಇವಳು, ಬಿಸಿ ಪಾತ್ರೆ ಹಿಡಿದುಕೊಂಡು, ಎಲ್ಲ ತಿಳಿದವನ ಎದುರು, ಗಂಡನಿಗೋಸ್ಕರ ತನ್ನ ಬಾಯಿ ಹೊಲಸು ಮಾಡಿಕೊಂಡಳು. ವಿಲ್ಮರ್ ಏನಾದರೂ ಸೌಜನ್ಯಕ್ಕೆ "ಹೌದಮ್ಮ" ಅಂದುಬಿಟ್ಟರೆ ಅವಳು ಇದನ್ನು ಇನ್ನೂ ಮುಂದುವರಿಸುತ್ತಾಳೆ.

ಲೊವೆಲ್ ಕಾರಿನಿಂದ ಇಳಿದ.

"ಬೇಡ ಆರ್ಡಿತ್. ಕಾರು ವಿಲ್ಮರ್‌ದು. ಇವತ್ತು ತಗೊಂಡ್ರು. ಯಾವತ್ತೂ ನಂದಾಗಿರಲಿಲ್ಲ, ಅದು ಅವರಿಗೆ ಗೊತ್ತು. ನಾನಾಗಿ ಹೇಳ್ಲಿಲ್ಲ. ಬೇರೆಯವರು ಹೇಳಿದ ಮೇಲೆ ಗೊತ್ತಾಯ್ತು."

ಆರ್ಡಿತ್‌ಳ ಮುಖ ಕತ್ತಿನವರೆಗೆ ಕೆಂಪಾಯಿತು. ಪಾತ್ರೆಯನ್ನು ಎದೆಗೆ ಇನ್ನಷ್ಟು ಹತ್ತಿರ ಹಿಡಿದಳು, ಬಿಸಿ ತಾಗುತ್ತಿದ್ದಿರಬೇಕು. ಲೊವೆಲ್ ಮುಂದಿನ ಸೀಟು ಬಿಟ್ಟು ಹಿಂದೆ ಹತ್ತಿದ. ವಿಲ್ಮರ್ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಮುಂದೆ ಕೂತ್ಕೊಳ್ಳಿ ಅಮ್ಮ, ಪಾತ್ರೆ ಇದೆಯಲ್ಲ ಅಂದ. ಇಲ್ಲ, ಇವನ ಜೊತೆ ಹಿಂದೆ ಕೂರುತ್ತೇನೆ ಅಂದಳು ಅವಳು. ಅವಳ ದನಿಯಲ್ಲಿ ಸಿಟ್ಟಿತ್ತು. ಆದರೂ ಅವನ ಪಕ್ಕಕ್ಕೇ ಬಂದು ಕೂತಳು.

ಲೊವೆಲ್ ಆ ಕಾರಿನ ಹಿಂದಿನ ಸೀಟಿನಲ್ಲಿ ಅದುವರೆಗೆ ಒಂದು ಸಲವೂ ಕೂತಿರಲಿಲ್ಲ. ಬಂದ ಗಿರಾಕಿಗಳಿಗೆಲ್ಲ, ಹಿಂದೆ ಆರಡಿ ಆಳು ಕಾಲು ಚಾಚಿ ಮಲಗಬಹುದು ಅನ್ನುತ್ತಿದ್ದ. ಈಗ ಮೊಣಕಾಲು ಮುಂದಿನ ಸೀಟಿಗೆ ಒತ್ತಿಕೊಂಡು ನೋಯುತ್ತಿತ್ತು. ವಿಲ್ಮರ್ ಕನ್ನಡಿಯಲ್ಲಿ ಅವನನ್ನು ನೋಡಿದ. ಮಧ್ಯಾಹ್ನದಿಂದ ಮೊದಲ ಸಲ ಕಣ್ಣಿಗೆ ಕಣ್ಣು ಕೂಡಿಸಿ ನೋಡಿದ್ದು.

"ಜಾಗ ಸಾಕಾ?"

"ಸಾಲ್ದು" ಅಂದ ಲೊವೆಲ್.

ವಿಲ್ಮರ್ ಕೈ ಕೆಳಗೆ ಹಾಕಿ, ತನ್ನ ಸೀಟನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡು, ಗೇರು ಹಾಕಿದ.