ಮಣಿಕಟ್ಟಿನ ಅಚ್ಚು

"ಮೀಸೀಗೆ ಇನ್ನಷ್ಟು ಎಣ್ಣಿ ಹಚ್ಚು. ಒಂದ ಕೂದಲಾ ಕಿತ್ತು ಬಂದ್ರೂ ನೋಡು ಮತ್ತ," ಎಂದು ಚಂದ್ರಶೇಖರಪ್ಪ ಬೆಂಚಿನ ಮೇಲೆ ಅಂಗಾತ ಮಲಗಿಕೊಂಡೇ ಮಗಳಿಗೆ ಹೇಳಿದ.

ಕಲ್ಲವ್ವ ಕೊಬ್ಬರಿ ಎಣ್ಣೆಯನ್ನು ಮೀಸೆಯ ಬುಡದವರೆಗೂ ತಿಕ್ಕಿದಳು. ಹಣೆಯ ವಿಭೂತಿ ಎಣ್ಣೆಯಲ್ಲಿ ಕಲಸಿಹೋಯಿತು. ಶಿರಸಿಯ ಆ ಹೈಸ್ಕೂಲಿನ ವಾರ್ಷಿಕ ಗ್ಯಾದರಿಂಗಿಗೆ ಇನ್ನು ಎರಡೇ ದಿನ. ಮಕ್ಕಳು ಮಾಡಿದ ಮುಖವಾಡಗಳ ನಡುವೆ ಶಾಲಾ ಕಮಿಟಿಯ ಅಧ್ಯಕ್ಷರ ಮುಖವೂ ಇರಲಿ ಎಂದು ಹೆಡ್‌ಮಾಸ್ತರರು ಕೇಳಿದ್ದರು. ಅಧ್ಯಕ್ಷನಾದ ಚಂದ್ರಶೇಖರಪ್ಪನಿಗೂ ಒಲ್ಲೆನ್ನುವ ಮನಸ್ಸಿರಲಿಲ್ಲ. ಇಡೀ ಒಂಬತ್ತನೇ ತರಗತಿಯಲ್ಲಿ ಹದವಾದ ಕೈ ಎಂದರೆ ಕಲ್ಲವ್ವನದು. ಅದೇ ಕಲ್ಲವ್ವನನ್ನು ಶಾಲೆ ಬಿಡಿಸಿ ಶಾಲೆಯಲ್ಲಿದ್ದ ಅವಳ ದಾಖಲೆ ಒಯ್ಯುವುದಕ್ಕೂ ಆತ ಇವತ್ತೇ ಬಂದಿದ್ದ. ಬನವಾಸಿಯ ಭತ್ತದ ವ್ಯಾಪಾರಿಯ ಮನೆಗೆ ಹೆಣ್ಣು ಕೊಡುವ ಮಾತಾಗಿತ್ತು.

"ಬಾಯಿ ಮೇಲೆ ಪ್ಲಾಸ್ಟರ್ ಪಟ್ಟಿ ಬಿದ್ದ ಮೇಲೆ ಕಾಲು ತಾಸು ತುಟಿ ಅಲ್ಲಾಡಿಸಬಾರದು ಸಾವಕಾರ್ರೇ," ಎಂದರು ಡ್ರಾಯಿಂಗ್ ಮಾಸ್ತರ ಕಮಲಾಕರ ಹೆಗಡೆ. "ಸೊಟ್ಟ ಬರ್ತದೆ. ಸ್ವಲ್ಪ ಬಿಸಿಯಾಗ್ತದೆ, ಹೆದರುವಂಥದ್ದು ಎಂತದೂ ಇಲ್ಲ."

"ನಾ ಹೆದರಾಂವೇನ್ರಿ ಮಾಸ್ತರ? ಹಾಕಿಸ್ರಿ."

ಮೂಳೆ ಮುರಿದವರಿಗೆ ಸುತ್ತುವಂಥ ಪಟ್ಟಿ ಅದು. ತೆಳುಬಟ್ಟೆಗೆ ಪ್ಲಾಸ್ಟರಿನ ಪುಡಿ ತಿಕ್ಕಿ ಮಕ್ಕಳೇ ಸುರುಳಿ ಮಾಡಿಟ್ಟಿದ್ದರು. ಕಲ್ಲವ್ವ ತುಂಡುಗಳನ್ನು ನೀರಿನಲ್ಲಿ ಅದ್ದಿ, ಎರಡು ಬೆರಳಿನಲ್ಲಿ ಹಿಂಡಿ, ಹಣೆ, ಕೆನ್ನೆ, ಗದ್ದಕ್ಕೆ ಒತ್ತುತ್ತ ಹೋದಳು. ಕಣ್ಣಿಗೆ ಮೊದಲು ಒದ್ದೆ ಕಾಗದ, ಆಮೇಲೆ ಪಟ್ಟಿ. ಮೂಗಿನ ಹೊಳ್ಳೆ ಮಾತ್ರ ತೆರೆದಿತ್ತು. ತುಟಿಯನ್ನು ಕೊನೆಗೆ ಮುಚ್ಚಿದಳು. ಅಷ್ಟರಲ್ಲಿ ಹೆಡ್‌ಮಾಸ್ತರರು ಕರೆದರೆಂದು ಮಾಸ್ತರರು ಆಚೆ ಹೋದರು.

"ಅಪ್ಪಾ, ಈಗ ನಾ ಮಾತಾಡ್ತೀನಿ, ನೀವು ಕೇಳ್ರಿ," ಎಂದಳು ಕಲ್ಲವ್ವ. "ನಾ ಬನವಾಸಿ ಮನೀಗೆ ಹೋಗಂಗಿಲ್ಲ. ಮ್ಯಾಟ್ರಿಕ್ ಮುಗಸ್ತೀನಿ. ಆಮ್ಯಾಲೆ ಡ್ರಾಯಿಂಗ್ ಪರೀಕ್ಷಾ ಕಟ್ತೀನಿ."

ಹೊಳ್ಳೆಗಳು ಅಗಲವಾದವು.

"ಅಕ್ಕನ್ನೂ ಹಿಂಗ ಕೊಟ್ರಿ. ಆಕಿ ಈಗ ನಮ್ಮ ಮನೀಗೆ ಬಂದ್ರೂ ಕುಂಡರಲೇನು ಅಂತ ಕೇಳಿ ಕುಂಡರತಾಳ. ಬಾಯಿ ಅಲ್ಲಾಡಸಬ್ಯಾಡ್ರಿ. ಸೊಟ್ಟ ಮಾರಿ ತೂಗಹಾಕಿದ್ರ ಮಂದಿ ನಗ್ತಾರ."

ಬಾಯಿ ಅಲ್ಲಾಡಲಿಲ್ಲ. ಬಲಗೈ ಮಾತ್ರ ಗಾಳಿಯಲ್ಲಿ ತಡಕಾಡಿ ಅವಳ ಎಡ ಮಣಿಕಟ್ಟನ್ನು ಹಿಡಿಯಿತು. ಹಿಡಿದ ರಭಸಕ್ಕೆ ಬಳೆ ಒಡೆದು ಚರ್ಮಕ್ಕೆ ಚುಚ್ಚಿತು. ಕಲ್ಲವ್ವ ಕೈ ಎಳೆದುಕೊಳ್ಳಲಿಲ್ಲ. ಬಿಡುವಾಗಿದ್ದ ಬಲಗೈಯಿಂದ ಆ ಮುಷ್ಟಿಗೂ ತನ್ನ ಮಣಿಕಟ್ಟಿಗೂ ಎಣ್ಣೆ ಸವರಿದಳು. ಉದ್ದನೆಯ ಪಟ್ಟಿಯೊಂದನ್ನು ನೀರಿಗೆ ಅದ್ದಿ ಎರಡರ ಮೇಲೂ ಸುತ್ತಿದಳು. ಅದರ ಮೇಲೆ ಇನ್ನೊಂದು, ಮತ್ತೊಂದು. ಏನಾಗುತ್ತಿದೆ ಎಂದು ಆತನಿಗೆ ತಿಳಿದು ಬೆರಳು ಸಡಿಲಿಸಲು ನೋಡುವಷ್ಟರಲ್ಲಿ ಪ್ಲಾಸ್ಟರು ಬಿಸಿಯಾಗಿ ಬಿಗಿದಿತ್ತು.

"ಹಿಡಕೊಂಡ ಇರ್ರಿ," ಎಂದಳು. "ಬಿಟ್ರ ಅಚ್ಚು ಕೆಡತೈತಿ."

ಮಾಸ್ತರರು ಬಂದವರು ಬಾಗಿಲಲ್ಲೇ ನಿಂತರು. "ಎಂತ ಮಾಡಿಟ್ಯೇ ಕೂಸೇ?"

ಮೊದಲು ಮುಖವಾಡ ಬಿಡಿಸಿದರು. ಬಾಯಿ ಎಳ್ಳಷ್ಟೂ ಸೊಟ್ಟಗಿರಲಿಲ್ಲ. ಗಂಭೀರವಾದ, ಯಾರ ಮೇಲೂ ಸಿಟ್ಟಿಲ್ಲದ ಮುಖ. ಚಂದ್ರಶೇಖರಪ್ಪ ಅದರತ್ತ ನೋಡಲಿಲ್ಲ. "ಕತ್ತರಿ ತರ್ರಿ," ಎಂದ.

ಕೈಯ ಮೇಲಿನದನ್ನು ಮಾಸ್ತರರು ಒಂದು ಮಗ್ಗುಲಿಗೆ ಸೀಳಿ ತೆಗೆದರು. ಮಣಿಕಟ್ಟನ್ನು ಹಿಸುಕುತ್ತಿರುವ ಮುಷ್ಟಿಯ ಬಿಳಿ ಟೊಳ್ಳು. ಚಂದ್ರಶೇಖರಪ್ಪ ಅದನ್ನು ಕಸಿದು ನೆಲಕ್ಕೆಸೆದು ಚಪ್ಪಲಿಯಲ್ಲಿ ಮೆಟ್ಟಿದ. ಪ್ಲಾಸ್ಟರು ಚಟಚಟ ಬಿರಿದು ಪುಡಿ ಹಾರಿತು. ಮತ್ತೆ ಮೆಟ್ಟಿದ. ಟೊಳ್ಳು ಚಪ್ಪಟೆಯಾಯಿತು, ಆದರೆ ಒಳಗಿನ ಬಟ್ಟೆ ಹರಿಯಲಿಲ್ಲ. ಅಚ್ಚಿನ ಬೆರಳುಗಳು ಮಣಿಕಟ್ಟನ್ನು ಬಿಡಲಿಲ್ಲ.

"ನಿನ್ನ ಸೊಕ್ಕು ಆ ಮನ್ಯಾಗ ಇಳಸ್ತಾರ," ಎಂದು ಹೇಳಿ ಹೊರಟುಹೋದ. ಚಪ್ಪಲಿಯ ಬಿಳಿ ಗುರುತುಗಳು ಪಡಸಾಲೆಯುದ್ದಕ್ಕೂ ಮೂಡಿ ಹೆಡ್‌ಮಾಸ್ತರರ ಕೋಣೆಯೊಳಕ್ಕೆ ಹೋದವು.

ಕಲ್ಲವ್ವ ಟೊಳ್ಳನ್ನು ಎತ್ತಿ ಧೂಳು ಊದಿದಳು. ಒಳಗಿನಿಂದ ಹೆಬ್ಬೆರಳು ಹಾಕಿ ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಮೇಲೆತ್ತಿದಳು. ಆಮೇಲೆ ಅದನ್ನು ಮೇಜಿನ ಮೇಲೆ ಮುಖವಾಡದ ಪಕ್ಕದಲ್ಲಿಟ್ಟಳು.

"ಅದನ್ನ ಇಡೋದು ಬ್ಯಾಡ ಕೂಸೇ," ಎಂದರು ಮಾಸ್ತರರು. ಅವರ ಕಣ್ಣು ಬಾಗಿಲ ಕಡೆಗಿತ್ತು.

ಅವಳು ಮುಖವಾಡಗಳಿಗೆ ಮಾಡಿದವರ ಹೆಸರು ಬರೆದಿಡುವ ರಟ್ಟಿನ ಚೀಟಿಯೊಂದನ್ನು ಎಳೆದುಕೊಂಡು, ಮಣಿಕಟ್ಟಿನ ರಕ್ತ ತಾಗದಂತೆ ಎಡಗೈಯನ್ನು ದೂರ ಹಿಡಿದು, ಕಲ್ಲವ್ವ ಎಂದು ಬರೆದಳು. ಹೆಡ್‌ಮಾಸ್ತರರ ಕೋಣೆಯಲ್ಲಿ ದಾಖಲೆಗಳ ಕಪಾಟಿನ ಬಾಗಿಲು ತೆರೆದ ಸದ್ದಾಯಿತು. ಅವಳು ಲೇಖಣಿಯನ್ನು ಮತ್ತೊಮ್ಮೆ ಮಸಿಗೆ ಅದ್ದಿ ಹೆಸರಿನ ಕೆಳಗೆ ದುಂಡಗೆ ಬರೆದಳು: ಒಂಬತ್ತನೇ ಇಯತ್ತೆ.